ನಾನಿದ್ದ ಮನೆಗೆ ಟಿಕೆಟು ಕೊಂಡು

ಯಾತ್ರೆ ಮುಗಿಸಿ ಬಂದವರು ಒಳ್ಳೆಯದನ್ನೇ ಹೇಳಬೇಕೆಂಬುದು ನಮ್ಮ ಬನ್ನಿಮಂಟಪದ ಬೀದಿಯ ರೂಢಿ. ಭಾನುವಾರದ ಪೂಜೆಯಾದ ಮೇಲೆ ಚರ್ಚಿನ ಅಂಗಳದಲ್ಲಿ ಹೆಂಗಸರು ಸುತ್ತ ನಿಂತು ಇಟಲಿ ಹೇಗಿತ್ತೆಂದು ಕೇಳಿದಾಗ ನಾನೂ ಒಳ್ಳೆಯದನ್ನೇ ಹೇಳಿದೆ. ತಂದಿದ್ದ ಜಪಸರಗಳನ್ನು ಹಂಚಿದೆ. ಒಂದು ದಿನದ ಸಂಗತಿಯನ್ನು ಮಾತ್ರ ಬಾಯಿಬಿಡಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಆರೋಗ್ಯ ಮೇರಿ. ವಯಸ್ಸು ಅರವತ್ತಮೂರು. ಗಂಡ ಬೇಗ ತೀರಿಕೊಂಡ, ಮಕ್ಕಳಿಲ್ಲ. ಇಟಲಿಯ ಉತ್ತರ ಭಾಗದ ಒಂದು ಸಣ್ಣ ಪಟ್ಟಣದಲ್ಲಿ ಹನ್ನೊಂದು ವರ್ಷ ಒಬ್ಬ ಮುದುಕರನ್ನು ನೋಡಿಕೊಂಡೆ. ಅವರ ಹೆಸರು ಇಲ್ಲಿ ಬೇಡ. ನಾನು ಅವರನ್ನು ಸಿನ್ಯೋರೆ ಎನ್ನುತ್ತಿದ್ದೆ, ನಮ್ಮಲ್ಲಿ ಯಜಮಾನರೇ ಎಂದ ಹಾಗೆ. ಜೀವಮಾನವೆಲ್ಲ ಚಿತ್ರ ಕೂಡಿಸಿದ ಮನುಷ್ಯ. ಊಟದ ಕೋಣೆಯಿಂದ ಮೆಟ್ಟಿಲ ಗೋಡೆಯವರೆಗೆ ಚಿತ್ರಗಳೇ. ಅವರು ಹೋದ ಮೇಲೆ ನಾನು ಮೈಸೂರಿಗೆ ಬಂದುಬಿಟ್ಟೆ. ಅವರ ಮಗಳು ಆ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾಳೆಂದು ಅಲ್ಲಿನ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದ್ದಳು. ಹನ್ನೆರಡು ವರ್ಷ ಕಳೆದಿತ್ತು. ನಮ್ಮ ಚರ್ಚಿನವರು ಇಟಲಿ ಯಾತ್ರೆ ಹೊರಡಿಸಿದಾಗ ಎಲ್ಲರಿಗಿಂತ ಮುಂಚೆ ಹೆಸರು ಕೊಟ್ಟವಳು ನಾನೇ. ಸಂತರಿಗಾಗಿ ಅಲ್ಲ, ಆ ಮನೆಗಾಗಿ ಎಂದು ಯಾರಿಗೂ ಹೇಳಲಿಲ್ಲ.

ರೈಲು

ಐದನೆಯ ದಿನ ಗುಂಪನ್ನು ಅಂಗಡಿ ಬೀದಿಗೆ ಬಿಟ್ಟಿದ್ದರು. ನಾನು ಫಾದರ್ ಹತ್ತಿರ ಹೋಗಿ, ಹಳೆಯ ಕೆಲಸದ ಮನೆ ಇಲ್ಲಿಂದ ರೈಲಿನಲ್ಲಿ ಒಂದೂವರೆ ಗಂಟೆ, ಸಂಜೆಯೊಳಗೆ ಬಂದುಬಿಡುತ್ತೇನೆ ಅಂದೆ. ಒಬ್ಬಳೇ ಹೋಗುವುದು ಬೇಡ ಅಂದರು. ಹಾಗಾಗಿ ಅತ್ತಿಗೆ ಬಂದರು.

ಅತ್ತಿಗೆ ಎಂದರೆ ಫಿಲೋಮಿನಾ, ನನ್ನ ಅಣ್ಣ ಅಂತೋಣಿಯ ಹೆಂಡತಿ. ಅಣ್ಣ ಹೋಗಿ ಮೂರು ವರ್ಷವಾಯಿತು. ಮನೆಯಲ್ಲಿ ಈಗ ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಮಿಷನ್ನು ಇದೆ, ಸುತ್ತಲಿನ ಸ್ಕೂಲುಗಳ ಯೂನಿಫಾರಂ ಹೊಲಿಯುತ್ತಾರೆ. ಅತ್ತಿಗೆಗೆ ಮಾತು ಕಡಿಮೆ. ನಾನು ತಿರುಗಿ ಬಂದ ಈ ಹನ್ನೆರಡು ವರ್ಷದಲ್ಲಿ ನಮ್ಮಿಬ್ಬರ ನಡುವೆ ಜಗಳವಾದದ್ದಿಲ್ಲ. ಜಗಳವಿಲ್ಲದ ಮನೆಯೆಂದು ನಾನು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ.

ಆ ದೇಶದಲ್ಲಿ ಟಿಕೆಟು ಕೊಂಡರೆ ಸಾಲದು, ಪ್ಲಾಟ್‌ಫಾರಮ್ಮಿನ ಪೆಟ್ಟಿಗೆಯಲ್ಲಿ ತೂರಿಸಿ ಅದಕ್ಕೆ ಮುದ್ರೆ ಒತ್ತಿಸಬೇಕು. ಹನ್ನೊಂದು ವರ್ಷ ಒತ್ತಿಸಿದ್ದ ನಾನು ಅವತ್ತು ಮರೆತೆ. ರೈಲು ಹೊರಟ ಮೇಲೆ, ಟಿಕೆಟು ನೋಡುವವನು ಬೋಗಿಯ ಆ ತುದಿಯಲ್ಲಿ ಕಾಣಿಸಿಕೊಂಡಾಗ ನೆನಪಾಯಿತು. ನಾನು ಹರುಕು ಮುರುಕು ಇಟಾಲಿಯನ್ನಿನಲ್ಲಿ ಕ್ಷಮೆ ಕೇಳುತ್ತಿದ್ದರೆ ಅತ್ತಿಗೆ ಚೀಲದಿಂದ ಕೊಬ್ಬರಿ ಮಿಠಾಯಿಯ ಡಬ್ಬಿ ತೆಗೆದು ಅವನ ಮುಂದೆ ಹಿಡಿದರು. ಅವನು ಡಬ್ಬಿಯನ್ನೂ ಅತ್ತಿಗೆಯ ಮುಖವನ್ನೂ ನೋಡಿ, ಟಿಕೆಟಿನ ಮೇಲೆ ಪೆನ್ನಿನಿಂದ ಏನೋ ಗೀಚಿ, ಮಿಠಾಯಿ ಬೇಡವೆಂದು ಕೈಮಾಡಿ ಮುಂದಕ್ಕೆ ಹೋದ.

ಅತ್ತಿಗೆಗೆ ಅದಕ್ಕಿಂತ ಬೇರೆಯದೇ ಚಿಂತೆ. ಎದುರಿಗೆ ಕೂತಿದ್ದ ಗಂಡಹೆಂಡಿರು ಒಂದು ಗಂಟೆಯಾದರೂ ನಮ್ಮನ್ನು ಏನೂ ಕೇಳಿರಲಿಲ್ಲ. ನಮ್ಮ ಕಡೆ ಮೈಸೂರು ಬಿಟ್ಟ ರೈಲು ಪಾಂಡವಪುರ ದಾಟುವುದರೊಳಗೆ ಎದುರಿನವರಿಗೆ ನಮ್ಮ ಊರು, ಮನೆತನ, ಮೊಣಕಾಲು ನೋವಿನ ಔಷಧಿ ಎಲ್ಲ ಗೊತ್ತಾಗಿರುತ್ತದೆ. ಇವರಿಗೆ ನಮ್ಮ ಮೇಲೆ ಸಿಟ್ಟೇ ಎಂದು ಅತ್ತಿಗೆ ಕೇಳಿದರು. ಸಿಟ್ಟಲ್ಲ, ಇದು ಇಲ್ಲಿಯ ಮರ್ಯಾದೆ ಅಂದೆ. ಹನ್ನೊಂದು ವರ್ಷ ಇಂಥವರ ಮಧ್ಯೆ ಹೇಗಿದ್ದೆ ಎಂಬಂತೆ ಅವರು ನನ್ನನ್ನು ನೋಡಿದರು.

ಮುಂಬಾಗಿಲು

ನಿಲ್ದಾಣದಿಂದ ಮನೆಗೆ ಏರುದಾರಿ. ಅತ್ತಿಗೆ ಎರಡು ಕಡೆ ಕೂತು ಎದ್ದರು. ನಾವು ಗೇಟು ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಊಟದ ಹೊತ್ತಿಗೆ ಬಾಗಿಲು ಹಾಕಿ ಮತ್ತೆ ಎರಡೂವರೆಗೆ ತೆಗೆಯುತ್ತೇವೆಂದು ಬೋರ್ಡು ತೂಗಿಹಾಕಿದ್ದರು. ಮಧ್ಯಾಹ್ನ ಊರಿಗೆ ಊರೇ ಕದ ಮುಚ್ಚುವ ಈ ಪದ್ಧತಿಯನ್ನೂ ನಾನು ಮರೆತಿದ್ದೆ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಚಪಾತಿ, ಚಟ್ನಿಪುಡಿ ತಿಂದೆವು.

ಎದುರುಮನೆಯ ಮುದುಕ ನಾಯಿ ಹಿಡಿದುಕೊಂಡು ಹೊರಗೆ ಬಂದ. ಅವನಿಗೆ ಹರ್ನಿಯಾ ಆಪರೇಷನ್ ಆದಾಗ ಎರಡು ತಿಂಗಳು ಅವನ ನಾಯಿಯನ್ನು ಬೆಳಿಗ್ಗೆ ಸಂಜೆ ಸುತ್ತಾಡಿಸಿದವಳು ನಾನು. ಆ ನಾಯಿ ಸತ್ತಿರಬೇಕು, ಇದು ಬೇರೆ. ಅವನು ನಮಗೆ ಶುಭದಿನ ಹೇಳಿದ. ಟೂರಿಸ್ಟುಗಳಿಗೆ ಹೇಳುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ. ನಾನೂ ಅಷ್ಟೇ ನಿಧಾನವಾಗಿ ತಿರುಗಿ ಹೇಳಿದೆ. ಗುರುತು ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಬಾಗಿಲು ತೆಗೆದ ಸದ್ದಾದಾಗ ನನ್ನ ಕಾಲು ತಾನಾಗಿ ಮನೆಯ ಹಿಂಭಾಗಕ್ಕೆ ಹೋಯಿತು. ಹನ್ನೊಂದು ವರ್ಷ ನಾನು ಅಡಿಗೆಮನೆಯ ಬಾಗಿಲಲ್ಲೇ ಓಡಾಡಿದ್ದು. ಆ ಬಾಗಿಲಿಗೆ ಕಬ್ಬಿಣದ ಪಟ್ಟಿ ಹಾಕಿ ಪ್ರವೇಶವಿಲ್ಲ ಎಂದು ಬರೆದಿದ್ದರು. ತಿರುಗಿ ಬಂದು ಮುಂಬಾಗಿಲಲ್ಲಿ ಹೊಕ್ಕೆವು. ಆ ಬಾಗಿಲನ್ನು ನಾನು ದಾಟಿದ್ದು ಲೆಕ್ಕ ಹಾಕಿದರೆ ಎಷ್ಟೋ ಸಲ ಇರಬಹುದು, ಆದರೆ ಪ್ರತಿ ಸಲವೂ ಮುಂದೆ ಒಂದು ಗಾಲಿಕುರ್ಚಿ ಇರುತ್ತಿತ್ತು.

ಟಿಕೆಟು ಕೊಡುವ ಹುಡುಗಿ ನಗುಮುಖದವಳು. ಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಅಂದಳು. ಅತ್ತಿಗೆ ಒಪ್ಪಲಿಲ್ಲ. ಪಾಸ್‌ಪೋರ್ಟು ಅದರಲ್ಲಿದೆ, ಪಾಸ್‌ಪೋರ್ಟು ಕೈಬಿಡಬೇಡಿ ಎಂದು ಫಾದರ್ ಹೇಳಿದ್ದಾರೆ. ಕೊನೆಗೆ ಪಾಸ್‌ಪೋರ್ಟನ್ನು ರವಿಕೆಯೊಳಗೆ ಸೇರಿಸಿ, ಚೀಲವನ್ನು ಕಪಾಟಿಗೆ ಕೊಟ್ಟು, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಚಪ್ಪಲಿಯ ಮೇಲೆ ತೊಡಲು ಪ್ಲಾಸ್ಟಿಕ್ ಚೀಲ ಕೊಟ್ಟರು. ನಮ್ಮ ಅರಮನೆಯಲ್ಲಿ ಚಪ್ಪಲಿ ಬಿಡಿಸಿ ಬರಿಗಾಲಲ್ಲಿ ಕಳಿಸುತ್ತಾರಲ್ಲ, ಅದೇ ವಾಸಿ ಎಂದು ಅತ್ತಿಗೆ ಅಂದರು. ಆ ನೆಲವನ್ನು ವಾರಕ್ಕೆರಡು ಸಲ ಮೇಣ ಹಾಕಿ ಉಜ್ಜುತ್ತಿದ್ದವಳು ನಾನು. ಈಗ ನನ್ನ ಪಾದ ಅದಕ್ಕೆ ತಾಗಬಾರದಿತ್ತು.

ಚಿತ್ರಗಳ ಕೋಣೆಗಳು

ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಅತ್ತಿಗೆಗೆ ಇಂಗ್ಲಿಷಿನದು, ನನಗೆ ಇಟಾಲಿಯನ್ನಿನದು. ಗುಂಡಿ ಒತ್ತಿದ ಕೂಡಲೇ ಮೊದಲ ಶಬ್ದಕ್ಕೇ ಗೊತ್ತಾಯಿತು: ಮಗಳ ಧ್ವನಿ. ಕ್ರಿಸ್‌ಮಸ್ಸಿಗೆ ಎರಡು ದಿನ, ಆಗಸ್ಟಿನಲ್ಲಿ ಒಂದು ವಾರ ಬರುತ್ತಿದ್ದ ಮಗಳು. ಬಂದಾಗಲೆಲ್ಲ ಔಷಧಿಯ ಡಬ್ಬಿಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿ ಹೋಗುತ್ತಿದ್ದಳು. ಅವಳು ಹೋದ ಮೇಲೆ ನಾನು ಮೊದಲಿನಂತೆ ಇಟ್ಟುಕೊಳ್ಳುತ್ತಿದ್ದೆ.

ಚಿತ್ರಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಸೇಬು ಸುಲಿಯುತ್ತಿರುವ ಹೆಂಗಸಿನ ಚಿತ್ರ ಊಟದ ಕೋಣೆಯಲ್ಲಿ. ಸೋಮವಾರ ಸೋಮವಾರ ಸಿನ್ಯೋರೆಯ ಕುರ್ಚಿಯನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿ ನಾನೂ ಪಕ್ಕದಲ್ಲಿ ಕೂರಬೇಕಿತ್ತು, ಕಂಡದ್ದನ್ನು ಹೇಳಬೇಕಿತ್ತು. ನನಗೇನು ಗೊತ್ತು ಅಂದರೆ ಕಣ್ಣಿದೆಯಲ್ಲ ಅನ್ನುತ್ತಿದ್ದರು. ಈ ಹೆಂಗಸು ಚಾಕು ಹಿಡಿದಿರುವ ರೀತಿಯಲ್ಲಿ ಸುಲಿದರೆ ಹೆಬ್ಬೆರಳು ಹೋಗುತ್ತದೆ, ಇದನ್ನು ಬರೆದವನು ಅಡಿಗೆಮನೆಗೆ ಹೋದವನಲ್ಲ ಅಂದಿದ್ದೆ. ಒಂದು ವಾರ ನಕ್ಕರು. ಬಂದ ಡಾಕ್ಟರಿಗೂ ಅದನ್ನೇ ಹೇಳಿದರು. ಅತ್ತಿಗೆ ಈಗ ಅದೇ ಚಿತ್ರದ ಮುಂದೆ ನಿಂತು ಆ ಹೆಂಗಸಿನ ಕತ್ತುಪಟ್ಟಿಯ ಲೇಸನ್ನು ನೋಡುತ್ತಿದ್ದರು. ಕೈಯಲ್ಲಿ ಹೆಣೆದದ್ದು ಇದು, ಮಿಷನ್ನಿನದಲ್ಲ ಅಂದರು. ಸಿನ್ಯೋರೆ ಇದ್ದಿದ್ದರೆ ಇವರನ್ನು ಸಂಜೆಯವರೆಗೆ ಬಿಡುತ್ತಿರಲಿಲ್ಲ.

ಮಲಗುವ ಕೋಣೆಗೆ ಕೆಂಪು ಹಗ್ಗ ಅಡ್ಡ ಕಟ್ಟಿದ್ದರು. ಹಾಸಿಗೆ ಈಗ ಇದ್ದದ್ದು ಕಿಟಕಿಯ ಕಡೆ ತಲೆ ಮಾಡಿ. ಚಳಿಗಾಳಿ ತಲೆಗೆ ಹೊಡೆಯುತ್ತದೆಂದು ನಾನೇ ಅದನ್ನು ತಿರುಗಿಸಿದ್ದೆ, ಅವರ ಕೊನೆಯ ಆರು ವರ್ಷ ಗೋಡೆಯ ಕಡೆ ತಲೆ. ಮಗಳಿಗೆ ಅದು ಗೊತ್ತಿಲ್ಲ ಎಂದಲ್ಲ. ಕಿವಿಯಲ್ಲಿ ಅವಳು ಹೇಳುತ್ತಿದ್ದಳು: ತಂದೆಯವರು ಕೊನೆಯ ವರ್ಷಗಳನ್ನು ಈ ಕೋಣೆಯಲ್ಲಿ ಸಂಪೂರ್ಣ ಏಕಾಂತದಲ್ಲಿ ಕಳೆದರು, ಅವರಿಗೆ ಬೇರೆ ಯಾರೂ ಬೇಕಿರಲಿಲ್ಲ, ಚಿತ್ರಗಳೇ ಸಂಗಾತಿ.

ನಾನು ಗುಂಡಿ ಒತ್ತಿ ಮತ್ತೊಮ್ಮೆ ಕೇಳಿದೆ. ಮೂರನೆಯ ಸಲವೂ ಕೇಳಿದೆ. ಆ ಇಂಗ್ಲಿಷಿನ ವೇಗ ಹಿಡಿಯದೆ ಯಂತ್ರವನ್ನು ಕತ್ತಿಗೆ ಇಳಿಬಿಟ್ಟಿದ್ದ ಅತ್ತಿಗೆ ನನ್ನ ಮುಖ ನೋಡಿ ಕೇಳಿದರು.

"ಏನಂತಾಳೆ?"

"ಒಬ್ರೇ ಇದ್ರಂತೆ."

"ಮತ್ತೆ ನೀನು?"

ಕಿವಿಯ ಯಂತ್ರ ತೆಗೆದು ಮುಂದೆ ನಡೆದೆ. ಹಜಾರದ ಕೊನೆಗೆ ನನ್ನ ಕೋಣೆಯಿತ್ತು. ಅಲ್ಲಿಂದ ಸಿನ್ಯೋರೆ ಕೆಮ್ಮಿದರೆ ಕೇಳುತ್ತಿತ್ತು, ಅದಕ್ಕೇ ಆ ಕೋಣೆ ಕೊಟ್ಟಿದ್ದರು. ಅತ್ತಿಗೆಗೆ ಅದನ್ನು ತೋರಿಸಬೇಕೆಂದು ಮೈಸೂರಿನಿಂದ ಆಸೆಪಟ್ಟುಕೊಂಡು ಬಂದಿದ್ದೆ. ಬಾಗಿಲ ಮೇಲೆ ಗಂಡಸು ಹೆಂಗಸಿನ ಗೊಂಬೆಗಳ ಗುರುತು ಅಂಟಿಸಿದ್ದರು. ಸಂದರ್ಶಕರ ಶೌಚಾಲಯ. ಅತ್ತಿಗೆಗೆ ಬೆಳಗಿನಿಂದ ಅದೇ ಅವಸರವಾಗಿತ್ತು, ಒಳಗೆ ಹೋಗಿ ಬಂದರು. ಇದೇ ನನ್ನ ಕೋಣೆಯೆಂದು ನಾನು ಹೇಳಲಿಲ್ಲ.

ಕೊನೆಯ ಕೋಣೆ

ಕೆಳಗಿನ ಹಿಂದಿನ ಕೋಣೆಯಲ್ಲಿ ಸಿನ್ಯೋರೆ ದೇಶದೇಶಗಳ ಹಳೆಯ ಸಾಮಾನು ಇಟ್ಟಿದ್ದರು. ಬೀಗ, ಕತ್ತರಿ, ದಾರದ ರಾಟೆ, ಮರದ ಸೌಟು. ಎಲ್ಲವೂ ಅಂಗಡಿಗಳಲ್ಲಿ, ಹರಾಜುಗಳಲ್ಲಿ ಕೊಂಡದ್ದು. ಈಗ ಅವಕ್ಕೆಲ್ಲ ಗಾಜಿನ ಪೆಟ್ಟಿಗೆ, ಒಳಗಿನಿಂದ ದೀಪ. ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತಿಗೆ ಒಂದೊಂದೇ ನೋಡುತ್ತ ಹೋದವರು ಮೂಲೆಯ ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು.

"ಮೇರಿ, ಇಲ್ಬಾ. ಇದು ನಮ್ಮನೆ ಈಳಿಗೆಮಣೆ ಕಣೇ."

ಅದೇ. ನಮ್ಮಮ್ಮ ಕೂತು ಕೂತು ಹಲಗೆಯ ಹಿಂಭಾಗ ಸವೆದದ್ದು. ಕಾಲು ಅಲ್ಲಾಡುತ್ತಿದೆಯೆಂದು ಅಣ್ಣ ಹೊಡೆದ ಎರಡು ಮೊಳೆ, ಒಂದು ಸೊಟ್ಟ. ಅದನ್ನು ನೆಟ್ಟಗೆ ಇಟ್ಟಿರಲಿಲ್ಲ, ಹಲಗೆಯನ್ನು ಗೋಡೆಗೆ ಒರಗಿಸಿ ಅಲಗು ಮುಂದಕ್ಕೆ ಚಾಚುವಂತೆ ಎತ್ತಿ ನಿಲ್ಲಿಸಿದ್ದರು. ತುದಿಯ ಕಾಯಿ ತುರಿಯುವ ಹಲ್ಲುಗಳು ಹಕ್ಕಿಯ ಜುಟ್ಟಿನಂತೆ ಕಾಣುತ್ತಿದ್ದವು. ಕೆಳಗಿನ ಚೀಟಿಯಲ್ಲಿ ಬರೆದದ್ದು ಇಷ್ಟು: ಹಕ್ಕಿಯ ಆಕೃತಿ, ಬಹುಶಃ ಪೂಜಾವಸ್ತು, ದಕ್ಷಿಣ ಭಾರತ. ಸಂಗ್ರಾಹಕರು ಪೂರ್ವದೇಶಗಳ ಪ್ರವಾಸದಲ್ಲಿ ತಂದದ್ದು.

ಸಿನ್ಯೋರೆಗೆ ವಿಮಾನವೆಂದರೆ ಭಯ. ಅವರು ಪೂರ್ವಕ್ಕೆ ಹೋದದ್ದೆಂದರೆ ಪಕ್ಕದೂರಿನ ಕಣ್ಣಿನ ಆಸ್ಪತ್ರೆಗೆ.

ಅಲ್ಲಿ ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ರಜೆಗೆ ಬಂದಾಗ ನಾನು ಇದನ್ನು ಮನೆಯಿಂದ ತೆಗೆದುಕೊಂಡು ಹೋಗಿದ್ದೆ. ಚಾಕುವಿನಿಂದ ತರಕಾರಿ ಹೆಚ್ಚಿ ಹೆಚ್ಚಿ ಬೇಸತ್ತಿದ್ದೆ. ನಿಲ್ದಾಣದ ಹತ್ತಿರದ ಬಂಗಾಳಿಯ ಅಂಗಡಿಯಲ್ಲಿ ತೆಂಗಿನಕಾಯಿ ಸಿಗುತ್ತಿತ್ತು, ತುರಿಯಲು ಏನೂ ಇರಲಿಲ್ಲ. ಸೀರೆಗಳ ಮಧ್ಯೆ ಸುತ್ತಿ ಸೂಟ್‌ಕೇಸಿಗೆ ಹಾಕಿದ್ದೆ. ನಾನು ನೆಲದ ಮೇಲೆ ಕೂತು ಕಾಯಿ ತುರಿಯುವುದನ್ನು ಸಿನ್ಯೋರೆ ಕುರ್ಚಿಯಿಂದ ಬಗ್ಗಿ ನೋಡುತ್ತಿದ್ದರು.

ಅವರನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಮಗಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಜೊತೆಗೆ ಮನೆಯ ಸಾಮಾನಿನ ಪಟ್ಟಿ ಹಿಡಿದ ಒಬ್ಬ ಮನುಷ್ಯ. ತಪ್ಪು ತಿಳಿಯಬೇಡ ಮರಿಯಾ (ಆ ಮನೆಯಲ್ಲಿ ನನ್ನ ಹೆಸರು ಅದೇ) ಎಂದು ಹೇಳಿ, ಕಟ್ಟಿಟ್ಟಿದ್ದ ನನ್ನ ಸೂಟ್‌ಕೇಸನ್ನು ಮಂಚದ ಮೇಲೆ ಬಿಚ್ಚಿಸಿದಳು. ಒಳಗಿನ ಬಟ್ಟೆಗಳನ್ನೆಲ್ಲ ಆ ಮನುಷ್ಯನ ಎದುರು ಎತ್ತಿ ಎತ್ತಿ ಇಟ್ಟೆ. ಈಳಿಗೆಮಣೆ ಕಂಡಾಗ ಇದು ಅಪ್ಪನದು ಅಂದಳು. ನನ್ನದು ಅಂದೆ. ಅಪ್ಪನ ಹತ್ತಿರ ಇಂಥವು ಬಹಳ ಇದ್ದವು ಅಂದಳು. ಆ ವೇಳೆಗೆ ಎರಡು ದಿನದಿಂದ ಅತ್ತು ನನ್ನ ಧ್ವನಿ ಹೋಗಿತ್ತು. ಸತ್ತವರ ಮನೆಯಲ್ಲಿ ಒಂದು ಹಲಗೆಗೆ ಜಗಳವಾಡುವುದೇ ಎಂದುಕೊಂಡು ಸುಮ್ಮನಾದೆ. ಪಟ್ಟಿಯವನು ಬರೆದುಕೊಂಡ.

ಇದನ್ನು ನಾನು ಮೈಸೂರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಗಾಜಿನ ಮುಂದೆ ಅತ್ತಿಗೆಗೆ ಹೇಳಿದೆ. ಹೇಳುತ್ತ ಹೇಳುತ್ತ ಸಿಟ್ಟು ನೆತ್ತಿಗೇರಿತು. ಸೀದಾ ಟಿಕೆಟಿನ ಹುಡುಗಿಯ ಹತ್ತಿರ ಹೋಗಿ, ಆ ಮೂಲೆಯ ವಸ್ತು ನನ್ನದು, ಪೂಜೆಯದಲ್ಲ, ತರಕಾರಿ ಹೆಚ್ಚುವುದು, ನಾನು ಈ ಮನೆಯಲ್ಲಿ ಹನ್ನೊಂದು ವರ್ಷ ಇದ್ದೆ ಅಂದೆ. ಅವಳು ಕೆಂಪಾದಳು. ಅಧಿಕಾರಿಯನ್ನು ಕರೆಸುತ್ತೇನೆ, ತೋಟದಲ್ಲಿ ಕೂತಿರಿ ಅಂದಳು.

ತೋಟ

ತೋಟದಲ್ಲಿ ಒಂದು ಕಬ್ಬಿಣದ ಬೆಂಚು. ನಾನು ಮಾತಾಡುತ್ತಲೇ ಇದ್ದೆ. ಆ ಮುದುಕನ ಮೈ ತೊಳೆದವಳು ನಾನು, ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸಿದವಳು ನಾನು, ಒಬ್ಬರೇ ಇದ್ದರಂತೆ, ನನ್ನ ಹೆಸರೇ ಇಲ್ಲ, ನಮ್ಮಮ್ಮನ ಈಳಿಗೆಮಣೆಯನ್ನು ಕಸಿದುಕೊಂಡು ಹಕ್ಕಿ ಅಂತಾರೆ. ಹೀಗೆ. ಅತ್ತಿಗೆ ಸೆರಗಿನ ಗಂಟಿನಲ್ಲಿದ್ದ ಬೀಗದ ಕೈಯನ್ನು ತಿರುವುತ್ತ ಕೂತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಶುರುಮಾಡಿದರು.

"ನಿಮ್ಮಮ್ಮಂದಲ್ಲ ಅದು. ನಂದು."

ನನಗೆ ಅರ್ಥವಾಗಲಿಲ್ಲ.

"ಮದ್ವೆಯಾಗಿ ಬಂದ ವಾರಕ್ಕೇ ಅತ್ತೆ ಅದನ್ನ ನನ್ ಮುಂದೆ ಇಟ್ಟು, ಇನ್ಮೇಲೆ ಇದು ನಿಂದು ಅಂದ್ರು. ನೀನು ಆವಾಗ ಗಂಡನ್ ಮನೇಲಿದ್ದೆ. ರಜಕ್ಕೆ ಬಂದವ್ಳು ನನ್ನ ಒಂದ್ಮಾತು ಕೇಳ್ದೆ ತಗೊಂಡ್ ಹೋದೆ. ನಾನು ಚರ್ಚಿಂದ ಬಂದು ಸಾರಿಗೆ ಹೆಚ್ಚಕ್ಕೆ ಹೋದ್ರೆ ಜಾಗ ಖಾಲಿ."

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾರಿಗೆ ಹೇಳಬೇಕಿತ್ತು ಎಂದು ಅವರು ಕೇಳಿದರು. ನಾನು ಪರದೇಶದಲ್ಲಿ ಕಷ್ಟಪಡುವ ಮಗಳು. ನನ್ನ ವಿಷಯದಲ್ಲಿ ಮನೆಯಲ್ಲಿ ಯಾರೂ ಏನೂ ಅನ್ನುವ ಹಾಗಿರಲಿಲ್ಲ.

ಆಮೇಲೆ ಅತ್ತಿಗೆ ಹೇಳಿದ್ದನ್ನು ಅವರು ಹೇಳಿದ ಹಾಗೆ ಬರೆಯಲು ನನಗೆ ಆಗುವುದಿಲ್ಲ. ನಾನು ಊರಿಗೆ ಬಂದು ಹೋದ ಮಾರನೆಯ ವರ್ಷ ಅಮ್ಮನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಎರಡು ವರ್ಷ ಹಾಗೇ ಇದ್ದರು. ಬೆಳಗಿನ ಹೊತ್ತು ಮಿಷನ್ನಿಗೆ ಕೂರುವ ಮುಂಚೆ ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿದ್ದು ಅತ್ತಿಗೆ. ಬೆನ್ನಿನ ಹುಣ್ಣಿಗೆ ಪುಡಿ ಹಾಕಿದ್ದು ಅತ್ತಿಗೆ. ಅಮ್ಮ ಕೊನೆಕೊನೆಗೆ ಅತ್ತಿಗೆಯನ್ನೇ ಮೇರಿ ಎಂದು ಕರೆಯುತ್ತಿದ್ದರಂತೆ. ಅಲ್ಲ, ನಾನು ಫಿಲೋ ಎಂದು ಮೊದಲು ಮೊದಲು ತಿದ್ದುತ್ತಿದ್ದರಂತೆ. ಆಮೇಲೆ ಓಗೊಡಲು ಶುರುಮಾಡಿದರಂತೆ.

"ಇವ್ರಪ್ಪನ ಮೈ ನೀನು ತೊಳ್ದೆ, ಸರಿ. ನಿಮ್ಮಮ್ಮನ ಮೈ ಯಾರು ತೊಳುದ್ರು ಅಂತ ಹನ್ನೆರಡು ವರ್ಷದಲ್ಲಿ ಒಂದ್ಸಲ ಕೇಳಿದ್ಯಾ ಮೇರಿ?"

ದನಿ ಏರಿಸಲಿಲ್ಲ. ಬಟ್ಟೆಯ ಅಳತೆ ಕೇಳುವ ಹಾಗೆ ಕೇಳಿದರು.

ಅಮ್ಮ ಸತ್ತಾಗ ನಾನು ಬರಲಿಲ್ಲ. ರಜೆ ಸಿಗಲಿಲ್ಲವೆಂದು ಊರಿಗೆಲ್ಲ ಹೇಳಿದ್ದೇನೆ, ಫಾದರಿಗೂ ಹಾಗೇ ಹೇಳಿದ್ದೇನೆ. ನಿಜವೆಂದರೆ ನಾನು ರಜೆ ಕೇಳಲೇ ಇಲ್ಲ. ಅಣ್ಣನ ಫೋನು ಬಂದ ದಿನ ಸಿನ್ಯೋರೆ ನನ್ನ ಕೈ ಹಿಡಿದುಕೊಂಡು ಹೋಗಬೇಡ ಎಂದು ಅತ್ತರು. ನಮ್ಮ ಮನೆಯಲ್ಲಿ ನನ್ನ ಕೈ ಹಿಡಿದು ಯಾರೂ ಹಾಗೆ ಕೇಳಿರಲಿಲ್ಲ. ಅದು ನನಗೆ ಹಿತವಾಗಿತ್ತು. ಆ ಬೆಂಚಿನ ಮೇಲೆ ಕೂತು ಇದನ್ನು ಅತ್ತಿಗೆಗೆ ಹೇಳಬಹುದಿತ್ತು. ಹೇಳಲಿಲ್ಲ. ಅಧಿಕಾರಿ ಬರುವುದು ಕಾಣಿಸಿತು, ಎದ್ದು ನಿಂತೆ.

ಅರ್ಜಿ

ನಲವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ಸರಪಳಿ. ಬಹಳ ಮರ್ಯಾದೆಯಿಂದ ಮಾತಾಡಿದರು. ನನ್ನ ಮಾತನ್ನು ಸುಳ್ಳೆನ್ನಲಿಲ್ಲ. ಮನೆಯ ದಾಖಲೆಗಳಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ, ಹಾಗೆಂದು ನೀವು ಇರಲಿಲ್ಲ ಎಂದಲ್ಲ ಅಂದರು. ನಾನು ಅಡಿಗೆಮನೆಯ ಯಾವ ಕಿಟಕಿಯ ಚಿಲಕ ಸಡಿಲ ಎಂದು ಹೇಳಿದೆ. ಅವರು ತಲೆಯಾಡಿಸಿ ನಕ್ಕರು, ಅದು ಈಗಲೂ ಸಡಿಲವಂತೆ. ಎಲ್ಲವನ್ನೂ ಬರೆದು ಕೊಡಿ, ಚೀಟಿಯನ್ನು ಖಂಡಿತ ತಿದ್ದುತ್ತೇವೆ, ವಸ್ತುವನ್ನು ಹಿಂದಿರುಗಿಸುವ ವಿಚಾರವನ್ನು ಮಂಡಳಿ ನೋಡುತ್ತದೆ ಎಂದು ಒಂದು ಕಾಗದ ಕೊಟ್ಟರು.

ಟಿಕೆಟಿನ ಮೇಜಿನ ಮೇಲೆ ಇಟ್ಟುಕೊಂಡು ತುಂಬಿಸಿದೆ. ವಸ್ತು ಯಾವುದು, ಏನಕ್ಕೆ ಬಳಸುತ್ತಾರೆ, ಈ ಮನೆಗೆ ಹೇಗೆ ಬಂತು. ನಾಲ್ಕನೆಯ ಸಾಲು: ಮಾಲೀಕರ ಹೆಸರು.

ಅತ್ತಿಗೆ ನನ್ನ ಭುಜದ ಹತ್ತಿರವೇ ನಿಂತಿದ್ದರು. ಕಾಗದ ಇಟಾಲಿಯನ್ನಿನಲ್ಲಿತ್ತು, ಅವರಿಗೆ ಓದಲು ಬರುವುದಿಲ್ಲ. ನನಗೆ ಆಗ ಅನ್ನಿಸಿದ್ದನ್ನು ಅನ್ನಿಸಿದಂತೆಯೇ ಹೇಳುತ್ತೇನೆ. ಈ ಮನೆಯಲ್ಲಿ ಒಂದು ಕಡೆಯಾದರೂ, ಒಂದು ಚೀಟಿಯ ಮೇಲಾದರೂ ನನ್ನ ಹೆಸರು ಇರಬೇಕು. ಫಿಲೋಮಿನಾ ಈ ಮನೆಯಲ್ಲಿ ಇದ್ದವರಲ್ಲ. ಈಳಿಗೆಮಣೆ ಯಾರದಾದರೇನು, ಹನ್ನೊಂದು ವರ್ಷ ನನ್ನದು. ಹೀಗೆಲ್ಲ ಯೋಚಿಸಲು ಎಷ್ಟು ಹೊತ್ತಾದೀತು? ಪೆನ್ನು ಎತ್ತಿ ಇಡುವಷ್ಟು. ಆರೋಗ್ಯ ಮೇರಿ ಎಂದು ಬರೆದೆ. ಪಕ್ಕದಲ್ಲಿ, ಅವರಿಗೆ ಗುರುತು ಸಿಗಲೆಂದು, ಮರಿಯಾ ಎಂದೂ ಬರೆದೆ.

ಏನು ಬರೆದೆ ಎಂದು ಅತ್ತಿಗೆ ಕೇಳಿದರು. ವಿವರ ಎಲ್ಲ ಬರೆದೆ ಅಂದೆ.

ಇಳಿದಾರಿಯಲ್ಲಿ ಅತ್ತಿಗೆ ನನ್ನ ತೋಳು ಹಿಡಿದುಕೊಂಡೇ ಇಳಿದರು, ಮೊಣಕಾಲಿಗಾಗಿ. ಈ ಸಲ ಟಿಕೆಟಿಗೆ ಮುದ್ರೆ ಒತ್ತಿಸಲು ಮರೆಯಲಿಲ್ಲ.

ಮೈಸೂರು

ಮೂರು ತಿಂಗಳ ಮೇಲೆ ಲಕೋಟೆ ಬಂತು. ನಾನು ತರಕಾರಿಗೆ ಹೋಗಿದ್ದೆ, ಪೋಸ್ಟಿನವರ ಹತ್ತಿರ ಸಹಿ ಹಾಕಿ ತೆಗೆದುಕೊಂಡದ್ದು ಅತ್ತಿಗೆ. ನಾನು ಬಂದಾಗ ಮಿಷನ್ನಿನ ಮೇಲೆ, ಅರ್ಧ ಹೊಲಿದ ನೀಲಿ ಲಂಗದ ಪಕ್ಕದಲ್ಲಿ, ಕಾಗದ ಬಿಚ್ಚಿ ಇಟ್ಟಿತ್ತು. ಜೊತೆಗೆ ಒಂದು ಫೋಟೋ. ಈಳಿಗೆಮಣೆಯನ್ನು ಈಗ ನೆಟ್ಟಗೆ, ನೆಲದ ಮೇಲಿಡುವ ಹಾಗೆ ಇಟ್ಟಿದ್ದರು. ಮಂಡಳಿಯವರು ಬಹಳ ಸಂತೋಷಪಟ್ಟು ಬರೆದಿದ್ದರು. ಹಿಂದಿರುಗಿಸುವ ಮಾತು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಫೋಟೋದಲ್ಲಿ ಹೊಸ ಚೀಟಿ ಸ್ಪಷ್ಟವಾಗಿ ಕಾಣುತ್ತಿತ್ತು, ಇಟಾಲಿಯನ್ ಕೆಳಗೆ ಇಂಗ್ಲಿಷಿನಲ್ಲಿ: ಅಡಿಗೆಮನೆಯ ಉಪಕರಣ, ಭಾರತ. ಮನೆಯ ಕೆಲಸದಾಕೆ ಮರಿಯಾ ಕೊಟ್ಟ ಕಾಣಿಕೆ.

ಅತ್ತಿಗೆಗೆ ಅಷ್ಟು ಇಂಗ್ಲಿಷು ಬರುತ್ತದೆ.

"ನಾನ್ ಕೊಡ್ಲಿಲ್ಲ ಕಣೇ. ನಂದನ್ನ ನೀನೆಂಗೆ ಕೊಟ್ಟೆ?"

ನಾನು ಕಾಣಿಕೆ ಎಂದು ಬರೆದಿರಲಿಲ್ಲ, ಅದು ಅವರ ಮಾತು ಅಂದೆ. ಮಾಲೀಕರ ಜಾಗದಲ್ಲಿ ಯಾರ ಹೆಸರು ಬರೆದೆ ಎಂದು ಕೇಳಿದರು. ಹೇಳಿದೆ. ಅತ್ತಿಗೆ ಲಂಗದ ಅಂಚನ್ನು ಮಡಿಸಿ ಸೂಜಿಯ ಕೆಳಗೆ ಕೊಟ್ಟು ಮಿಷನ್ನು ತುಳಿಯಲು ಶುರುಮಾಡಿದರು. ಅವತ್ತು ಸಂಜೆ, ಮಾರನೆಯ ದಿನ, ಅದರ ಮಾರನೆಯ ದಿನ, ಊಟಕ್ಕೆ ಬಾ ಎನ್ನುವುದನ್ನು ಬಿಟ್ಟು ಬೇರೆ ಮಾತಿಲ್ಲ. ತಪ್ಪು ತಿದ್ದಿ ಇನ್ನೊಂದು ಕಾಗದ ಬರೆದು ಸಹಿಗೆ ಅವರ ಮುಂದೆ ಇಟ್ಟೆ. ಅದನ್ನು ನಾಲ್ಕಾಗಿ ಮಡಿಸಿ ಅಳತೆಪಟ್ಟಿಯ ಡಬ್ಬಿಯೊಳಗೆ ಹಾಕಿದರು. ಈಗಲೂ ಅಲ್ಲೇ ಇದೆ.

ನವೆಂಬರ್ ಎರಡನೆಯ ತಾರೀಕು ಮೃತರ ದಿನ. ಪ್ರತಿ ವರ್ಷದ ಹಾಗೆ ಹೂವು, ಮೇಣದ ಬತ್ತಿ, ಬಕೆಟ್ಟು, ತೆಂಗಿನ ನಾರು ತೆಗೆದುಕೊಂಡು ಇಬ್ಬರೂ ಸಮಾಧಿಗೆ ಹೋದೆವು. ಅಮ್ಮ, ಅಣ್ಣ ಇಬ್ಬರೂ ಒಂದೇ ಕಲ್ಲಿನಡಿ. ಅತ್ತಿಗೆ ಕಲ್ಲಿನ ತಲೆಯ ಕಡೆಯಿಂದ ಉಜ್ಜುತ್ತ ಬಂದರು. ಅಮ್ಮನ ಹೆಸರಿನ ಕೆಳಗೆ ಒಂದು ಸಾಲಿದೆ. ಆ ಸಾಲನ್ನು ನಾನೇ ಇಟಲಿಯಿಂದ ಫೋನಿನಲ್ಲಿ ಅಣ್ಣನಿಗೆ ಹೇಳಿ ಬರೆಸಿದ್ದು. ಹನ್ನೆರಡು ವರ್ಷ ಆ ಕಲ್ಲಿನ ಮುಂದೆ ಮೊಣಕಾಲೂರಿದ್ದೇನೆ, ಅವತ್ತು ಓದಿದ ಹಾಗೆ ಯಾವತ್ತೂ ಓದಿರಲಿಲ್ಲ. "ಕೊನೆಯವರೆಗೂ ಕೈಬಿಡದೆ ನೋಡಿಕೊಂಡ ಮಕ್ಕಳು: ಅಂತೋಣಿ, ಆರೋಗ್ಯ ಮೇರಿ."

ನಾನು ಅತ್ತಿಗೆಯ ಪಕ್ಕದಲ್ಲಿ ಕೂತೆ.

"ಅತ್ತಿಗೆ, ಇದನ್ನ ಕೆತ್ತಿ ತೆಗೆಸಿ ನಿಮ್ಮ ಹೆಸರು ಹಾಕ್ಸೋಣ."

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಈಗ್ಯಾಕೆ? ನಾಳೆ ನನ್ನನ್ನೂ ಇದೇ ಕಲ್ಲಿನ ಕೆಳಗೆ ತಾನೇ ಇಡೋದು. ಆವಾಗ ಎಂಗೂ ಹೆಸರು ಬರುಸ್ಲೇಬೇಕು. ಅಲ್ಲೀಗಂಟ ಇರ್ಲಿ ಬುಡು."

ಆಮೇಲೆ ಬಕೆಟ್ಟನ್ನೂ ನಾರನ್ನೂ ನನ್ನ ಕಡೆ ತಳ್ಳಿದರು. ಕೆಳಗಿನ ಸಾಲಿನ ಅಕ್ಷರಗಳ ಸಂದಿಯಲ್ಲಿ ಮಣ್ಣು ಕೂತಿದೆ, ತನ್ನ ಕಣ್ಣಿಗೆ ಕಾಣುವುದಿಲ್ಲ, ನೀನೇ ಉಜ್ಜು ಎಂದು ಹೇಳಿ ಹೂವು ಬಿಡಿಸಲು ಕೂತರು. ನಾನು ಉಜ್ಜಿದೆ. ಮಣ್ಣು ಹೋದ ಮೇಲೆ ನನ್ನ ಹೆಸರು ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು.